ಉದ್ದ ಹಿಡಿಯ ಕಸಬರಿಗೆ ಮತ್ತು ವಾಮನ ಕಾಕಾನ ಯಂತ್ರ

ವಾಮನ ಕಾಕಾ ಲೇಖನ ಹುಡುಕಲೆಂದು ತಾನೇ ಮಾಡಿದ ಹೊಸ ಯಂತ್ರದ ಮೇಲಿನ ಟವೆಲ್ ಎಳೆದು, "ಇನ್ನ ನೀ ಹುಡುಕೂದ ಬ್ಯಾಡ, ವತ್ಸಲಾ. ಬಾಯಿಲೆ ಹೇಳು, ಸಾಕು" ಎಂದಾಗಲೇ ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಧಾರವಾಡದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಬೀದಿ ಗುಡಿಸುವ ಹೆಂಗಸರು ಸೊಂಟ ಹಿಡಿದುಕೊಂಡು ನನ್ನ ಬಳಿ ಬರುತ್ತಾರೆ. ಉದ್ದ ಹಿಡಿಯ ಕಸಬರಿಗೆ ಕೊಟ್ಟರೆ ಅವರ ಬೆನ್ನುನೋವು ಕಡಿಮೆಯಾದೀತೇ? ಹಿಂದಿನ ಅಧ್ಯಯನಗಳನ್ನು ವೈದ್ಯಕೀಯ ಡೇಟಾಬೇಸ್‌ಗಳಲ್ಲಿ ಹುಡುಕಬೇಕಿತ್ತು. ಯಾವ ಪದ ಹಾಕಬೇಕು, ಎಲ್ಲಿ 'ಅಥವಾ' (ಯಾವುದಾದರೊಂದು ಪದವಿದ್ದರೂ ಸಾಕು), ಎಲ್ಲಿ 'ಮತ್ತು' (ಎಲ್ಲವೂ ಇರಲೇಬೇಕು) ಎಂಬ ಯೋಜನೆ ಅಂದು ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯ ಸಂಶೋಧನಾ ಸಮಿತಿಯ ಕೈಸೇರಬೇಕಿತ್ತು. ಅವರು ಒಪ್ಪಿದರೆ ಮಾತ್ರ ನಲವತ್ತು ಹೆಂಗಸರಿಗೆ ಹೊಸ ಕಸಬರಿಗೆ.

"ಬೆನ್ನುನೋವು" ಎಂದೆ. ಬೆನ್ನಿಗೆ ಸಂಬಂಧಪಟ್ಟ ಪದಗಳನ್ನೆಲ್ಲ ಯಂತ್ರ 'ಅಥವಾ' ಹಾಕಿ ಪೋಣಿಸಿತು. ಮೂರು ಕೋಟಿ ಲೇಖನ ಸಿಕ್ಕವು. ಮೊದಲನೆಯದು ಒಂಟೆಯ ಡುಬ್ಬದ ಬಗ್ಗೆ.

"ಕಾಕಾ, ಇದು ಒಂಟಿ."

"ಒಂಟಿಗೆ ಬೆನ್ನ ಇಲ್ಲೇನು?"

"ಅದು ರಸ್ತಾ ಕಸಾ ಹೊಡೀತದೇನು?"

"ತಡಿ, ಬಿಗಿ ಮಾಡ್ತೀನಿ" ಎಂದು ಕಾಕಾ ಒಂದು ತಿರುಪು ತಿರುಗಿಸಿದ. ಈಗ ಎಲ್ಲ ಕಡೆ 'ಮತ್ತು'. ಬೆನ್ನೂ ಇರಬೇಕು, ಸೊಂಟವೂ ಇರಬೇಕು, ಒಂಟೆಯೂ ಇರಬೇಕು. ಸಿಕ್ಕಿದ್ದು ಸೊನ್ನೆ.

"ನಲವತ್ತು ಮಂದಿ ಸೊಂಟದ ಮಾತದು. ನಿನ್ನ ಹುಚ್ಚಾಟಕ್ಕ ನಾನ ಸಿಕ್ಕೆನೇನು?"

"ಯಂತ್ರ ನೆಟ್ಟಗದ. ನಿನ್ನ ಪ್ರಶ್ನೀನ ಸೊಟ್ಟ."

ಅದು ನಮ್ಮ ಜಗಳವನ್ನೂ ಕೇಳಿಸಿಕೊಳ್ಳುತ್ತಿದೆ ಎಂದು ತಿಳಿದದ್ದು ಪರದೆ ನೋಡಿದಾಗ: 'ಹುಚ್ಚು ಅಥವಾ ಮರುಳು, ಮತ್ತು ಕಾಕಾ ಅಥವಾ ಚಿಕ್ಕಪ್ಪ.' ವೈರು ಕಿತ್ತೆ. ಯೋಜನೆಯನ್ನು ತಾನೇ ಕಳಿಸುವಂತೆಯೂ ಕಾಕಾ ಯಂತ್ರಕ್ಕೆ ಕಲಿಸಿಟ್ಟಿದ್ದ; ಅಷ್ಟರಲ್ಲಿ ಆ ಸಾಲು ಸಮಿತಿಗೆ ಹೋಗಿಯಾಗಿತ್ತು, ನನ್ನ ಹೆಸರಿನಲ್ಲೇ.

ಸಿಟ್ಟಿನಲ್ಲೇ ಕಾಗದದ ಮೇಲೆ ಮೂರು ಕಾಲಂ ಎಳೆದೆ: ಯಾರಿಗೆ, ಏನು ಕೊಡುತ್ತೇವೆ, ಏನು ಬದಲಾಗಬೇಕು. ಕಾಲಮಿನೊಳಗೆ 'ಅಥವಾ', ಕಾಲಮುಗಳ ನಡುವೆ 'ಮತ್ತು'. ಅದನ್ನು ನಾನೇ ಡೇಟಾಬೇಸಿಗೆ ಹಾಕಿದಾಗ ಅರವತ್ತೆರಡು ಲೇಖನ ಸಿಕ್ಕವು. ಮೂರಕ್ಕೆ ಐದು ನಿಮಿಷವಿದ್ದಾಗ ಓಡಿಹೋಗಿ ಕೊಟ್ಟೆ.

ಸಮಿತಿ ಒಪ್ಪಿತು. ಅಧ್ಯಕ್ಷೆ ಡಾಕ್ಟರ್ ಇಂದುಮತಿ ಯಂತ್ರ ಕಳಿಸಿದ 'ಹುಚ್ಚು ಮತ್ತು ಕಾಕಾ' ಯೋಜನೆಯನ್ನೂ ಡೇಟಾಬೇಸಿಗೆ ಹಾಕಿ ನೋಡಿದ್ದರಂತೆ. "ಹದಿನಾಲ್ಕು ಲೇಖನ ಸಿಕ್ಕಾವ, ವತ್ಸಲಾ. ಔಷಧ ಮಾತ್ರ ಒಂದರಾಗೂ ಇಲ್ಲ" ಎಂದರು.

ನಲವತ್ತು ಹೆಂಗಸರಿಗೆ ಕಸಬರಿಗೆ ಸಿಕ್ಕವು. ಈ ಅಧ್ಯಯನದ ಬಗ್ಗೆ ನಾನು ಬರೆಯುತ್ತಿರುವ ಪ್ರಬಂಧದಲ್ಲಿ ತನ್ನ ಹೆಸರೂ ಇರಲೇಬೇಕೆಂದು ಕಾಕಾ ಈಗ ಹಟ ಹಿಡಿದಿದ್ದಾನೆ. ಹಾಕುತ್ತೇನೆ, ಅಡ್ಡಪರಿಣಾಮಗಳ ಪಟ್ಟಿಯಲ್ಲಿ.