ಮೀನಿಗೆ ಬೇಲಿ, ಮಾವನಿಗೆ ಓಟು

ನನ್ನ ಸೋದರಮಾವ ಅಮೆರಿಕದ ಪ್ರಜೆಯಾಗುವುದು ಈ ಜನ್ಮದಲ್ಲಿ ಆಗದ ಕೆಲಸ ಎಂದು ಮೊದಲು ಸಾರಿದವರು ಅವರ ಹೆಂಡತಿ, ನಮ್ಮತ್ತೆ. ಎರಡನೆಯವಳು ನಾನು. ಮಾವನಿಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ಯಾರು ಏನೇ ಕೇಳಲಿ, ಮಾವ ಮೀನಿನ ಉತ್ತರವನ್ನೇ ಕೊಡುತ್ತಾರೆ!

ನಮ್ಮದು ಮಂಡ್ಯದ ಕಡೆ ಕೆರೆಗೆ ಬಲೆ ಬೀಸುವ ಮನೆ. ಮಾವ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಲೆ ಹಿಡಿದರು. ಅವರು ತಂದ ಮೀನು ತಿಂದು ನಾನು ಪುಸ್ತಕ ಹಿಡಿದೆ. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ವಂಶಕ್ಕೇ ಮೊದಲ ಪದವಿ ತಂದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ. ಈಗ ಶಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿದ್ದೇನೆ. ಅತ್ತೆ ನರ್ಸ್. ಅವರ ಕೆಲಸದ ಬೆನ್ನು ಹಿಡಿದು ಬಂದ ಮಾವ ಡೆಟ್ರಾಯಿಟ್ ಹತ್ತಿರದ ವಿಕ್ಸಮ್ಮಿನಲ್ಲಿ, ಒಂದು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಾರೆ.

ಮಾವನಿಗೆ ಮೊದಲ ಆಘಾತವಾದದ್ದು ಅಲ್ಲಿನ ಕೆರೆ ದಂಡೆಯಲ್ಲಿ. ಲೈಸೆನ್ಸ್ ಪಡೆದು, ಗಾಳ ಹಾಕಿ, ಮೊಳದುದ್ದದ ಮೀನು ಹಿಡಿದ ಬಿಳಿಯನೊಬ್ಬ, ಅದರ ಜತೆ ಫೋಟೋ ತೆಗೆಸಿಕೊಂಡು ವಾಪಸ್ ನೀರಿಗೇ ಬಿಟ್ಟನಂತೆ!

"ವಾಪಸ್ ಬುಡಾಕೆ ಯಾಕವ್ವ ಹಿಡ್ದ? ಮೀನಿಗೇನ್ ಬೇರೆ ಕೆಲ್ಸ ಇಲ್ವಾ?" ಎಂದು ಫೋನಿನಲ್ಲಿ ನನ್ನನ್ನೇ ಗದರಿದರು.

ಎರಡನೆಯ ಆಘಾತ ಚುನಾವಣೆಯ ವರ್ಷದ್ದು. ಓಟು ಹಾಕಿಯೇ ತೀರಬೇಕು, ಅದಕ್ಕೆ ಮೊದಲು ಪ್ರಜೆಯಾಗಬೇಕು ಎಂದು ಮಾವ ಅಪ್ಲೈ ಮಾಡಿದರು. ಹವ್ಯಾಸಕ್ಕೆ ಗಾಳ ಹಾಕುವವರಿಗೆ ಯಾವ ಪಕ್ಷ ಏನು ಮಾಡುತ್ತದೆ, ಓದಿ ಹೇಳು ಎಂದರು. ಎರಡೂ ಕಡೆಯ ಕರಪತ್ರ ಓದಿದೆ. ತೆರಿಗೆ, ಔಷಧ, ಗಡಿ, ಬಂದೂಕು ಯಾವುದರಲ್ಲೂ ಹೊಂದದವರು ಒಂದೇ ಒಂದು ವಿಷಯದಲ್ಲಿ ಅಪ್ಪಿಕೊಂಡು ನಿಂತಿದ್ದರು. ಹೊರದೇಶದ ಗೆಂಡೆಮೀನು ದೊಡ್ಡ ಸರೋವರಗಳಿಗೆ ಬಂದರೆ ಇಲ್ಲಿಯ ಮೀನಿನ ಊಟ ಕಸಿಯುತ್ತದೆ, ಗಾಳದವರ ಮೋಜು ಕೆಡುತ್ತದೆ. ಆದ್ದರಿಂದ ಶಿಕಾಗೋ ಕಾಲುವೆಯಲ್ಲೇ ತಡೆಯಬೇಕು!

"ಯಾವ ಗೆಂಡೆ?"

"ಬೆಳ್ಳಿಗೆಂಡೆ, ಮಾವ."

ನಮ್ಮೂರ ಕೆರೆಗೆ ಸರ್ಕಾರವೇ ತಂದು ಬಿಡುತ್ತಿದ್ದ ಮರಿಗಳು ಅವು. ಡಬ್ಬಿಯಿಂದ ನೀರಿಗೆ ಇಳಿಸುತ್ತಿದ್ದವರು ಇದೇ ಮಾವ. ಅಂದು ಅವರು ಊಟ ಮಾಡಲಿಲ್ಲವೆಂದು ಅತ್ತೆ ಹೇಳಿದರು. ಇನ್ನು ಯಾವ ಪಕ್ಷವನ್ನು ನಂಬುವುದು, ಹೇಳಿ!

ಮುಂದಿನ ವಾರ ಪ್ರಚಾರಕ್ಕೆ ಬಂದ ಹೆಂಗಸೊಬ್ಬರು, ನಿಮಗೆ ಮುಖ್ಯವಾದ ವಿಷಯ ಯಾವುದೆಂದು ಕೇಳಿ ಸಿಕ್ಕಿಬಿದ್ದರು. ಮಾವ ಒಳಗೆ ಕೂರಿಸಿ, ಗೆಂಡೆಯ ಅಹವಾಲು ಹೇಳುತ್ತ ಮೀನುಸಾರು ಬಡಿಸಿದರು. ಆಕೆ ಖಾರಕ್ಕೆ ಮೂಗು, ಕಣ್ಣು ಒರೆಸಿಕೊಳ್ಳುತ್ತ, ಪಕ್ಷಕ್ಕೆ ತಿಳಿಸುತ್ತೇನೆಂದು ಹೋದರು. ಪಕ್ಷದಿಂದ ಉತ್ತರ ಬರಲಿಲ್ಲ. ಶನಿವಾರ ಆಕೆ ಮಾತ್ರ ಬಂದರು, ಕೈಯಲ್ಲಿ ಖಾಲಿ ಡಬ್ಬಿ!

ಲೊಂಬಾರ್ಡಿಗೆ ಬಂದಾಗ ಮಾವ ಶಿಕಾಗೋ ನೋಡಲಿಲ್ಲ. ಆ ಕಾಲುವೆಗೆ ಡ್ರೈವ್ ಮಾಡಿಸಿದರು. ಗೆಂಡೆ ದಾಟದಂತೆ ನೀರಿಗೇ ಕರೆಂಟ್ ಹರಿಸಿದ್ದರು. ನೀರಿನಲ್ಲಿ ವಿದ್ಯುತ್ತಿದೆ, ದೂರವಿರಿ ಎಂಬ ಬೋರ್ಡು. ಬಹಳ ಹೊತ್ತು ನಿಂತು, "ಅಷ್ಟ್ ದೂರದಿಂದ ಈಜ್ಕೊಂಡ್ ಬಂದಿರ್ತವೆ ಕಣವ್ವ" ಎಂದರು. ನಾನು ನಗಲು ಹೋದೆ, ಆಗಲಿಲ್ಲ.

ಇನ್ನು ಸಂದರ್ಶನ. ದೇಶದ ಎರಡು ದೊಡ್ಡ ಪಕ್ಷಗಳು ಯಾವುವು ಎಂದು ಅಧಿಕಾರಿ ಕೇಳಿದರೆ, "ಎರಡೂ ಒಂದೇ ಸಾರ್, ಎರಡೂ ನಮ್ಮ ಮೀನಿಗೆ ವಿರೋಧಿ" ಎಂದರಂತೆ. ಬರೆಯುವ ಪರೀಕ್ಷೆಯಲ್ಲಿ, ಅಧಿಕಾರಿ ಹೇಳಿದ ವಾಕ್ಯ ಬಿಟ್ಟು, ದಯವಿಟ್ಟು ಮೀನನ್ನು ಒಳಗೆ ಬಿಡಿ ಎಂದು ಬರೆದು ಬಂದರು. ಫೇಲ್!

ಉಳಿದದ್ದು ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಮತ್ತೆ ಮೊದಲಿನಿಂದ ಅರ್ಜಿ, ಈ ಚುನಾವಣೆಯಂತೂ ಇಲ್ಲ. ಅತ್ತೆ ಫೋನಿನಲ್ಲಿ ಅತ್ತರು. "ನೀನು ಓದ್ದೋಳು, ನೀನಾದ್ರೂ ಹೇಳು. ಇವರ ಕೈಲಾಗಲ್ಲ ಇದು."

ಫೇಲಾಗುವುದರಲ್ಲಿ ನನಗಿಂತ ಅನುಭವಿ ನಮ್ಮ ಮನೆಯಲ್ಲಿ ಯಾರಿದ್ದಾರೆ? ದಿನಾ ಸಂಜೆ ಪಾಠ ಹಿಡಿದೆ. ಕೊನೆಯ ದಿನ ಕೈಮುಗಿದು ಕೇಳಿದೆ. "ಮಾವ, ಇಪ್ಪತ್ತು ನಿಮಿಷ ಮೀನು ಅನ್ನಬೇಡಿ."

"ಉಸ್ರು ಬುಡಬೋದಾ?"

ಪಾಸಾದರು! ಚುನಾವಣೆಗೆ ಕೆಲವೇ ದಿನ ಉಳಿದಿದ್ದಾಗ, ಡೆಟ್ರಾಯಿಟಿನ ಒಂದು ಸಭಾಂಗಣದಲ್ಲಿ ಪ್ರಮಾಣವಚನ. ಹೆಸರು ಕರೆದಾಗ ಮಾವ ಎರಡೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ನನ್ನ ಪದವಿಪತ್ರವನ್ನು ಮೊದಲ ಸಲ ಮುಟ್ಟುವಾಗಲೂ ಹೀಗೇ ಒರೆಸಿಕೊಂಡಿದ್ದರು.

ಸರ್ಟಿಫಿಕೇಟ್ ಹಿಡಿದು ಬಂದು ನನ್ನ ಕೈಗಿಟ್ಟರು.

"ಈಗ ಯಾರಿಗ್ರೀ ನಿಮ್ಮ ಓಟು?" ಅತ್ತೆ ರೇಗಿಸಿದರು.

ಮಾವ ಅವರ ಕಡೆ ನೋಡಲಿಲ್ಲ. ಕಾಗದದ ಅಂಚನ್ನು ಒಂದು ಬೆರಳಿನಿಂದ ಸವರಿ, ಮೆಲ್ಲಗೆ ನನಗೆ ಹೇಳಿದರು.

"ಅವುಕ್ಕೆ ಕರೆಂಟ್ ಬೇಲಿ ಹಾಕವ್ರೆ. ನನ್ನ ಮಾತ್ರ ಹೆಸ್ರಿಡಿದು ಕರ್ದು ಒಳಕ್ ಬುಟ್ರು ನೋಡವ್ವ."