ಹುಳದ ಮನೆಯ ಹೊಸ್ತಿಲಲ್ಲಿ ನಮ್ಮತ್ತೆ

ನಮ್ಮ ಸೋದರತ್ತೆಯ ಜೊತೆ ಆಕೆಯ ಕಾಲುಗಳೇ ಮಾತು ಬಿಟ್ಟಿದ್ದವು. ಓರಗಿತ್ತಿ ಮಾತು ಬಿಟ್ಟದ್ದನ್ನು ನೀವು ನೋಡಿರುತ್ತೀರಿ, ಸೊಸೆ ಬಿಟ್ಟದ್ದನ್ನೂ ನೋಡಿರುತ್ತೀರಿ. ಸ್ವಂತ ಕಾಲು ಮಾತು ಬಿಡುವುದನ್ನು ನೋಡಿದ್ದೀರಾ? ಅತ್ತೆ ಬೆಳಿಗ್ಗೆ ಎದ್ದವಳೇ ಹಾಸಿಗೆಯ ಮೇಲೆ ಕೂತು ಎರಡೂ ಪಾದಗಳನ್ನು ಕೆಕ್ಕರಿಸಿ ನೋಡಿ, “ಇದ್ದೀರೇನ್ರಲಾ?” ಎಂದು ಕೂಗುತ್ತಿದ್ದಳು. ಉತ್ತರ ಬಾರದಿದ್ದರೆ, “ತಿನ್ನಕ್ ಮಾತ್ರ ಬತ್ತೀರ!” ಎಂದು ಬೈದು, ಗೋಡೆ ಹಿಡಿದು ಏಳುತ್ತಿದ್ದಳು.

ನಡೆದದ್ದು ಇಷ್ಟು. ಅತ್ತೆಗೆ ಕ್ಯಾನ್ಸರ್ ಬಂತು. ಅಪ್ಪ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ. ತಿಂಗಳಾನುಗಟ್ಟಲೆ ರಕ್ತನಾಳಕ್ಕೆ ಮದ್ದು ಹರಿಸಿದರು. ಕಾಯಿಲೆ ಹೋಯಿತು. ಹೋಗುವಾಗ ಸುಮ್ಮನೆ ಹೋಗಬಾರದೆಂದು ಬೆರಳುಗಳ ಮತ್ತು ಅಂಗಾಲಿನ ಸ್ಪರ್ಶವನ್ನೂ ಹೊತ್ತುಕೊಂಡು ಹೋಯಿತು. ಮದ್ದು ನರಗಳನ್ನು ಕೆಡಿಸಿದೆ ಎಂದರು. ಸರಿಹೋಗುತ್ತದೆಯೇ ಎಂದು ಕೇಳಿದರೆ, ಹೋದರೂ ಹೋಗಬಹುದು ಎಂದರು! ಮುಟ್ಟಿದರೆ ಗೊತ್ತಾಗದ ಕಾಲು, ಸುಮ್ಮನಿದ್ದಾಗ ಮಾತ್ರ ಉರಿಯುತ್ತಿತ್ತು. ಹೇಗನ್ನಿಸುತ್ತೆ ಎಂದು ಡಾಕ್ಟರು ಕೇಳಿದಾಗ ಅತ್ತೆ, “ಬೆರಳೊಳಕ್ಕೆ ಒಂದು ತಟ್ಟೆ ರೇಷ್ಮೆ ಹುಳ ಬುಟ್ಟಂಗೈತೆ ಸ್ವಾಮಿ. ಅವಕ್ಕೆ ನಾನೇ ಸೊಪ್ಪು” ಎಂದಳು. ಡಾಕ್ಟರು ಏನು ಬರೆದುಕೊಂಡರೋ ಕಾಣೆ.

ಅದು ನಮ್ಮ ಕೋಡಿಹಳ್ಳಿ ಕಡೆ ರಾಗಿ ಹೊಲವೆಲ್ಲ ಹಿಪ್ಪುನೇರಳೆ ತೋಟವಾದ ಕಾಲ. ಮನೆ ಮನೆಗೂ ಹುಳ, ಮನೆ ಮನೆಗೂ ಹೊಸ ಹೆಂಚು. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿಬಂದ ಗಂಡಸರೆಲ್ಲ ಕೈಗೆ ವಾಚು ಕಟ್ಟಿಕೊಂಡರು. ಊರಿಗೇ ಸಂಭ್ರಮವಿದ್ದಾಗ ಒಬ್ಬಳ ಅಂಗಾಲಿನ ಸುದ್ದಿ ಯಾರಿಗೆ ಬೇಕು? ಬಂದವರೆಲ್ಲ ಕಾಫಿ ಕುಡಿದು ಹೇಳುತ್ತಿದ್ದದ್ದು ಒಂದೇ ಮಾತು: “ಜೀವ ಉಳೀತಲ್ಲ ಬುಡಕ್ಕ, ಅದೇ ಎಚ್ಚು.”

“ಉಳೀತು ಕಣವ್ವ. ನನ್ ಕಾಲೆಲ್ಲೈತೆ ಅಂತ ಒಸಿ ಹುಡುಕ್ಕೊಟ್ಟು ಹೋಗು” ಎನ್ನುತ್ತಿದ್ದಳು ಅತ್ತೆ. ಬಂದವರು ಲೋಟ ಕೆಳಗಿಟ್ಟು ಎದ್ದುಬಿಡುತ್ತಿದ್ದರು. ಬದುಕಿ ಉಳಿದವರು ನಗುನಗುತ್ತಾ ಇರಬೇಕು ಎಂಬ ಕರಾರನ್ನು ಯಾರು ಬರೆದರೋ! ಚನ್ನಪಟ್ಟಣಕ್ಕೆ ಮದುವೆಯಾಗಿ ಹೋಗಿದ್ದ ನಾನೂ ಬಂದಾಗಲೆಲ್ಲ ಅದೇ ಮಾತು ಹೇಳಿದವಳೇ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸುತ್ತದೆ.

ಒಮ್ಮೆ ಕನಕಪುರದಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು. ಇನ್ನೊಂದು ಬಸ್ಸಿನಲ್ಲೇ ಕಳಚಿ ಉಳಿದಿತ್ತು. ನಿಲ್ದಾಣದಿಂದ ಮನೆಯವರೆಗೆ ಜಲ್ಲಿ ರಸ್ತೆ! ಅಂಗಾಲು ನೋಡಿ ಅಮ್ಮ ಅಳುತ್ತಿದ್ದರೆ ಅತ್ತೆ ಕಂಡಕ್ಟರನ್ನು ಬೈಯುತ್ತಿದ್ದಳು. ಮಾರನೆಯ ದಿನದಿಂದ ಸೆಣಬಿನ ಹುರಿಯಲ್ಲಿ ಚಪ್ಪಲಿಯನ್ನು ಪಾದಕ್ಕೆ ಬಿಗಿದು ಗಂಟು ಹಾಕಿಕೊಂಡಳು. ಗಂಟು ಬಿಚ್ಚಲು ಬೆರಳು ಬಗ್ಗದೆ, ಮಲಗುವಾಗಲೂ ಅದರಲ್ಲೇ ಮಲಗಿದಳು.

ಇಲ್ಲಿಯವರೆಗೆ ನಗಬಹುದು. ಮುಂದಿನದು ಹುಳದ ಮನೆಯ ವಿಷಯ.

ಹುಳದ ಮನೆಗೆ ಚಪ್ಪಲಿ ಹಾಕಿಕೊಂಡು ಯಾರೂ ಕಾಲಿಡುವಂತಿಲ್ಲ. ಹೊರಗಿನ ರೋಗ ಒಳಗೆ ಬಂದು ಹುಳ ಸಾಯುತ್ತದೆ. ವಾಸನೆಯೂ ಆಗದು. ನಮ್ಮ ಮನೆಯಲ್ಲಿ ಈ ಕಾನೂನಿನ ಪೊಲೀಸು, ಜಡ್ಜು ಎರಡೂ ಅತ್ತೆ. ತಪಾಸಣೆಗೆ ಬಂದ ರೇಷ್ಮೆ ಇಲಾಖೆಯ ಸಾಹೇಬರನ್ನು ಬೂಟು ಬಿಚ್ಚಿಸಿ, ಕಾಲು ತೊಳೆಸಿ, ಸುಣ್ಣ ತುಳಿಸಿ ಒಳಗೆ ಬಿಟ್ಟವಳು! ಇನ್ನು ಹುಳ ಹಣ್ಣಾದ ದಿನ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾದ ದಿನ, ಇಡೀ ಊರು ಅವಳನ್ನು ಕರೆಯುತ್ತಿತ್ತು. ಹಣ್ಣಾದ ಹುಳವನ್ನು ಬೆರಳಲ್ಲೇ ಗುರುತಿಸಿ ಎತ್ತಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ.

ಬರಿಗಾಲಲ್ಲಿ ನಡೆಯಲೇಬೇಡಿ ಎಂದು ಡಾಕ್ಟರು ಹೇಳಿದ್ದರು. ಹುಳದ ಮನೆಯ ಮಟ್ಟಿಗೆ ಡಾಕ್ಟರ ಮಾತಿಗೆ ಕಿಮ್ಮತ್ತೆಲ್ಲಿ? ಅಮ್ಮನಿಂದ ಗಂಟು ಬಿಚ್ಚಿಸಿಕೊಂಡು ಬರಿಗಾಲಲ್ಲೇ ಹೋದಳು. ಚಳಿಗಾಲದ ಒಂದು ಬೆಳಿಗ್ಗೆ, ಹುಳಕ್ಕೆ ಬೆಚ್ಚಗಿರಲೆಂದು ಇದ್ದಿಲ ಒಲೆ ಇಟ್ಟಿತ್ತು. ಅತ್ತೆ ಸೊಪ್ಪು ಹಾಕುತ್ತಿದ್ದವಳು ಇದ್ದಕ್ಕಿದ್ದಂತೆ ಕಿಟಕಿಯಿಂದ ಕಿರುಚಿದಳು: “ಯಾರ್ಲಾ ಅದು, ಹುಳದ ಮನೆ ಮಗ್ಗುಲಲ್ಲಿ ತಲೆ-ಕಾಲು ಸುಡ್ತಿರೋದು? ನನ್ ಹುಳ ಸಾಯ್ತವೆ ಕಣ್ರಲಾ!”

ಪಕ್ಕದ ಮನೆಯಲ್ಲಿ ಕುರಿ ಸಾಕಿದ್ದರು. ಆ ಮನೆಯಾತ ಓಡಿಬಂದು, “ನಮ್ಮನೇಲಿ ಇವತ್ ಕುರಿನೇ ಕುಯ್ದಿಲ್ಲ ಕಣಕ್ಕೋ, ದೇವ್ರಾಣೆ!” ಎಂದ. ಅತ್ತೆ ನಂಬಲಿಲ್ಲ. ಆತನ ವಂಶವನ್ನೆಲ್ಲ ಬೈದು ಮುಗಿಸುವ ಹೊತ್ತಿಗೆ ಅಮ್ಮ ಒಳಗೆ ಹೋಗಿ ನೋಡಿದಳು. ಅತ್ತೆಯ ಬಲ ಹಿಮ್ಮಡಿ ಒಲೆಗೆ ಒತ್ತಿಕೊಂಡಿತ್ತು. ಅತ್ತೆ ಹೇಳಿದ್ದರಲ್ಲಿ ಅರ್ಧ ಸರಿಯೇ ಇತ್ತು. ಸುಡುತ್ತಿದ್ದದ್ದು ಕಾಲೇ.

ಈ ಕತೆಯನ್ನು ನಾನು ಎಷ್ಟು ಮದುವೆ ಮನೆಗಳಲ್ಲಿ ಹೇಳಿ ನಗಿಸಿದ್ದೇನೋ! ಗಾಯ ಮಾಯಲು ನಾಲ್ಕು ತಿಂಗಳಾಯಿತು ಎಂಬುದನ್ನು ಮಾತ್ರ ಎಲ್ಲೂ ಹೇಳಲಿಲ್ಲ.

“ಒಳಗೆ ಹೋಗೋದಾದ್ರೆ ಚಪ್ಲಿ ಹಾಕ್ಕೊಂಡ್ ಹೋಗಕ್ಕ” ಎಂದ ಅಪ್ಪ.

“ಚಪ್ಲಿ ಹಾಕ್ಕೊಂಡಾ? ನಾನಾ? ಏನ್ಲಾ ಅಂದೆ?” ಎಂದಳು ಅತ್ತೆ. ಆಮೇಲೆ, “ಹೋಗಲಿ ಬುಡು. ಮೊನ್ನೆ ಏಳು ಹುಳ ತುಳ್ದಿದ್ದೆ. ಕಾಲಿಗೆ ಗೊತ್ತೇ ಆಗ್ನಿಲ್ಲ. ಎತ್ತಕ್ ಹೋದ್ರೆ ಬೆರಳಲ್ಲಿ ಇನ್ನೆರಡು ಅಪ್ಪಚ್ಚಿಯಾದ್ವು” ಎಂದಳು. ಅವತ್ತಿನಿಂದ ಹೊಸ್ತಿಲಿನ ಹೊರಗೆ ಮಣೆ ಹಾಕಿಕೊಂಡು ಕೂತಳು. ಅಲ್ಲಿಂದಲೇ ಎಲ್ಲರನ್ನೂ ಬೈದಳು. ಒಳಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅವಳ ಸಿಟ್ಟಿಗೆ ಊರೇ ಹೆದರಿತು. ಅವಳು ಯಾರ ತಲೆಯನ್ನೂ ಸವರುವುದು ಬಿಟ್ಟಿದ್ದನ್ನು ನಾನು ಗಮನಿಸಿದ್ದೆ. ಮೊದಲು ನಾನು ಹೊರಟಾಗಲೆಲ್ಲ ಕೆನ್ನೆ ಸವರಿ ನೆಟಿಕೆ ಮುರಿಯುತ್ತಿದ್ದವಳು. ಕಾಯಿಲೆ ಅವಳ ಮನಸ್ಸನ್ನೂ ಒಣಗಿಸಿತು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಮುಂದಿನ ಬೆಳೆ ಹಣ್ಣಾಗುವಾಗ ನಾನು ತವರಿಗೆ ಬಂದಿದ್ದೆ. ಹೊರಡುವ ದಿನವೇ ಬೆಳಿಗ್ಗೆ ಹುಳ ಒಟ್ಟಿಗೆ ಹಣ್ಣಾಯಿತು. ಹೊತ್ತು ಮೀರಿದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳು. ನನ್ನನ್ನೂ ಒಳಗೆ ನೂಕಿದರು. ನನಗೆ ಎಲ್ಲ ಹುಳವೂ ಒಂದೇ! ಹಣ್ಣಾಗದ್ದನ್ನೇ ಆರಿಸಿ ಹಾಕುತ್ತಿದ್ದೇನೆಂದು ಅಪ್ಪ ಕೂಗಾಡಿದ. ಅತ್ತೆ ಹೊಸ್ತಿಲಿಂದ ಕೈ ಬೀಸಿ, “ತಟ್ಟೆ ಇಲ್ಲಿ ತಕ್ಕೊಂಡ್ ಬಾ ಮಗ” ಎಂದಳು.

ತಟ್ಟೆ ತಂದಿಟ್ಟೆ. “ಒಂದ್ ಎತ್ತು. ನನ್ ಕೆನ್ನೆ ಮ್ಯಾಲಿಡು.”

“ಅತ್ತೆ, ಕೆನ್ನೆಗಾ?”

“ಮದ್ದು ಮೂತಿಗಂಟ ಬಂದಿಲ್ಲ ಕಣೆ. ಇಡು.”

ಇಟ್ಟೆ. ಅತ್ತೆ ಕಣ್ಣು ಮುಚ್ಚಿದಳು. “ತಣ್ಣಗೈತೆ, ಬಿಗಿಯಾಗೈತೆ. ಇದಿನ್ನೂ ಸೊಪ್ಪು ತಿನ್ನೋದು, ಹಿಂದಕ್ ಬುಡು.” ಇನ್ನೊಂದು ಇಟ್ಟೆ. “ಮೆತ್ತಗಾಗೈತೆ. ಹಾಕು ಚಂದ್ರಿಕೆಗೆ.” ಹೀಗೆ ಹತ್ತಿಪ್ಪತ್ತು ಹುಳ. ಆಮೇಲೆ ನನ್ನ ಬೆರಳಿಗೇ ಗೊತ್ತಾಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳೆಲ್ಲ ಖಾಲಿ. ಅತ್ತೆಯ ಕೆನ್ನೆಯ ಮೇಲೆ ಒಂದೆರಡು ಎಳೆ ರೇಷ್ಮೆ ಅಂಟಿತ್ತು. ಒರೆಸಲು ಹೋದೆ, ಬಿಡಲಿಲ್ಲ.

ಚನ್ನಪಟ್ಟಣದ ಬಸ್ಸಿಗೆ ಹೊತ್ತಾಯಿತೆಂದು ಬಗ್ಗಿ ಕಾಲು ಮುಟ್ಟಿದೆ. ನಾನು ಮುಟ್ಟಿದ್ದು ಅವಳಿಗೆ ಗೊತ್ತಾಗಲಿಲ್ಲ. ಕಣ್ಣಿಂದ ನೋಡಿ ತಿಳಿದುಕೊಂಡಳು. ಕೈ ಎತ್ತಿದಳು, ನನ್ನ ಮುಖದವರೆಗೆ ತಂದಳು, ಹಾಗೇ ಇಳಿಸಿದಳು. “ಬೆರಳಿಗೆ ಹುಳಾನೂ ಒಂದೇ, ನೀನೂ ಒಂದೇ ಕಣೆ. ಅದ್ಕೇ ಮುಟ್ಟಲ್ಲ” ಎಂದಳು.

ಮಂಡಿಯೂರಿ ಕೂತು ನನ್ನ ಕೆನ್ನೆಯನ್ನು ಅವಳ ಕೆನ್ನೆಗೆ ಇಟ್ಟೆ. ಅತ್ತೆ ಕಣ್ಣು ಮುಚ್ಚಿದಳು. ಹುಳಕ್ಕಿಂತ ಬಹಳ ಹೊತ್ತು ಹಿಡಿಯಿತು.

“ಇದಿನ್ನೂ ಹಣ್ಣಾಗಿಲ್ಲ” ಎಂದಳು, ಕೆನ್ನೆ ತೆಗೆಯದೆ. “ಇನ್ನೊಂದ್ ದಿನ ಇಲ್ಲೇ ಇರಬೇಕು.”

ನಾನು ಅವತ್ತಿನ ಬಸ್ಸು ಬಿಟ್ಟೆ.