ನಾನು ಜರ್ಮನ್ ಭಾಷೆಯಲ್ಲಿ ಹೆಣ್ಣೊಪ್ಪಿಸಿದ್ದು

ಒಂದು ತಿಂಗಳಲ್ಲಿ ಜರ್ಮನ್ ಕಲಿಯುತ್ತೇನೆ ಎಂದು ನಾನು ಮನೆಯಲ್ಲಿ ಘೋಷಿಸಿದಾಗ ನನ್ನ ಹೆಂಡತಿ ಗೌರಮ್ಮ ಹುಣಸೆಹಣ್ಣು ಕಿವುಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಮದ್ಲು ಆ ಫೋನಿಗೆ ಚಾರ್ಜ್ ಹಾಕೋದು ಕಲೀರಿ" ಎಂದಳು.

ಅಸೂಯೆ! ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕರ್ನಾಟಕದ ಗಡಿಗೆ ಅಂಟಿದ ಆಂಧ್ರದ ರಾಯದುರ್ಗದಲ್ಲಿ ಮೂವತ್ತು ವರ್ಷದಿಂದ ಟೈಲರಿಂಗ್ ಅಂಗಡಿ ನಡೆಸುತ್ತಿರುವವನು ನಾನು. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಟೇಪು ಮುಟ್ಟದೆ ಸೊಂಟದ ಅಳತೆ ಹೇಳುತ್ತೇನೆ. ಇಂಥವನಿಗೆ ಒಂದು ಭಾಷೆ ಎಷ್ಟರದು?

ಕಲಿಯುವುದಕ್ಕೆ ಕಾರಣ ನನ್ನ ತಂಗಿಯ ಮಗಳು ಭಾಗ್ಯ. ಅವಳಿಗೆ ಎಂಟು ವರ್ಷವಿದ್ದಾಗ ತಂದೆ ತೀರಿಹೋದರು. ಅಂದಿನಿಂದ ನಮ್ಮ ಮನೆಯಲ್ಲೇ, ನನ್ನ ಹೊಲಿಗೆ ಮಷಿನ್ನಿನ ಪಕ್ಕದಲ್ಲೇ ಕೂತು ಓದಿ ಬೆಳೆದವಳು. ನರ್ಸ್ ಆಗಿ ಜರ್ಮನಿಗೆ ಹೋದಳು. ಅಲ್ಲಿಯ ಲುಕಾಸ್ ಎಂಬ ಹುಡುಗನನ್ನು ಮೆಚ್ಚಿದಳು. ಮದುವೆ ಅಲ್ಲಿಯೇ ಎಂದಾಯಿತು. ತಂಗಿಗೆ ಮೊಣಕಾಲು ಆಪರೇಷನ್ ಆಗಿತ್ತು. ಸೋದರಮಾವನಾದ ನಾನೊಬ್ಬನೇ ಹೊರಡಬೇಕು.

ತಂಗಿ ಹಾಸಿಗೆಯಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು. "ಅಣ್ಣಾ, ಎಲ್ಲಾ ಶಾಸ್ತ್ರ ಬಿಟ್ರೂ ಪರವಾಗಿಲ್ಲ. ಹೆಣ್ಣೊಪ್ಪಿಸೋದು ಒಂದು ಬಿಡಬ್ಯಾಡ. ಹುಡುಗಿ ಕೈನ ಹಾಲಾಗ ಅದ್ದಿ ಅವರತ್ತಿ ಕೈಯಾಗ ಇಟ್ಟು, ನಾಕು ಮಾತು ಹೇಳಿ ಬಾ. ಅವರಿಗೆ ತಿಳಿಯೋ ಹಂಗ ಹೇಳು. ಮೂಕರು ಬಂದು ಕೊಟ್ಟು ಹೋದ್ರು ಅನ್ನಿಸಬಾರದು."

ಅವರಿಗೆ ತಿಳಿಯುವ ಹಾಗೆ ಎಂದರೆ ಜರ್ಮನ್ ಭಾಷೆಯಲ್ಲೇ. ಅಂದೇ ಫೋನಿಗೆ ಕಲಿಕೆಯ ಆ್ಯಪ್ ಇಳಿಸಿಕೊಂಡೆ.

ಮೊದಲ ವಾರ ಆ್ಯಪ್ ನನಗೆ ಕಲಿಸಿದ್ದು 'ಕುದುರೆ ಸೇಬು ತಿನ್ನುತ್ತದೆ' ಎಂದು. ಎರಡನೇ ವಾರ 'ನನ್ನ ಅಜ್ಜಿ ಈಜುತ್ತಾಳೆ' ಎಂದು. ಹೆಣ್ಣೊಪ್ಪಿಸುವಾಗ ಇವೆರಡರಿಂದ ಏನು ಉಪಯೋಗವೋ ತಿಳಿಯದೆ ಸ್ವಂತ ಉಪಾಯ ಹೂಡಿದೆ. ಮನೆಯ ಒಂದೊಂದು ಸಾಮಾನಿನ ಮೇಲೂ ಅದರ ಜರ್ಮನ್ ಹೆಸರು ಬರೆದು ಚೀಟಿ ಅಂಟಿಸಿದೆ. ಚೀಟಿ ನಿಲ್ಲದ ಕಡೆ ಕೆಂಪು ಮಾರ್ಕರಿನಲ್ಲಿ ನೇರವಾಗಿ ಬರೆದೆ. ನಿಂಬೆಹಣ್ಣಿನ ಮೇಲೂ ಬರೆದೆ.

ಆ ನಿಂಬೆಹಣ್ಣು ಬುಟ್ಟಿಯಿಂದ ಬಿದ್ದು, ಉರುಳಿ, ಪಕ್ಕದ ಮನೆ ಲಕ್ಷ್ಮಕ್ಕನ ಹೊಸ್ತಿಲ ಮುಂದೆ ಹೋಗಿ ನಿಂತಿತು. ಮುಂದಿನದನ್ನು ಊಹಿಸಿಕೊಳ್ಳಿ. ಹೊಸ್ತಿಲಲ್ಲಿ ನಿಂಬೆಹಣ್ಣು, ಅದರ ಮೇಲೆ ಕೆಂಪು ಅಕ್ಷರ, ಓದಿದರೆ ಅರ್ಥವಾಗದ ಶಬ್ದ!

"ಯಾರವ್ವಾ ನಮ್ಮ ಮನೀಗೆ ಮಾಟ ಮಾಡ್ಸಿದೋರು? ಅವರ ಬಾಯಾಗ ಮಣ್ಣು ಬೀಳ!" ಎಂದು ಲಕ್ಷ್ಮಕ್ಕ ಇಡೀ ಬೀದಿಯನ್ನು ಎಬ್ಬಿಸಿದರು.

ನಾನು ಓಡಿಹೋಗಿ, "ಮಾಟ ಅಲ್ರಿ ಲಕ್ಷ್ಮಕ್ಕ, ಜರ್ಮನ್!" ಎಂದೆ.

"ಅಂದ್ರ ಅದು ಫಾರಿನ್ ಮಾಟ ಏನ್ರಿ?" ಎಂದು ಅವರು ಇನ್ನೂ ಹೆದರಿದರು.

ಸಂಜೆ ಗೌರಮ್ಮ ಮನೆಯ ಚೀಟಿಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದಳು. ನನ್ನ ಶಬ್ದಭಂಡಾರದ ಉರಿಯಲ್ಲಿ ಸ್ನಾನದ ನೀರು ಚೆನ್ನಾಗಿ ಕಾಯಿತು.

ಆದರೂ ನಾನು ಎದೆಗುಂದಲಿಲ್ಲ. ಬೇಕಾದದ್ದು ನಾಲ್ಕೇ ಮಾತು. ಅವನ್ನು ಕನ್ನಡದಲ್ಲಿ ಬರೆದು, ಫೋನಿನಿಂದ ಜರ್ಮನ್ ಮಾಡಿಸಿ, ಮತ್ತೆ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಮಷಿನ್ ತುಳಿಯುತ್ತ ಬಾಯಿಪಾಠ ಮಾಡತೊಡಗಿದೆ. ತುಳಿಯುತ್ತ ತುಳಿಯುತ್ತ ಕಣ್ಣು ಮಂಜಾಗುತ್ತಿತ್ತು. ಅಂಗಡಿಯ ಮುಂದಿನ ಆಟೋಗಳು ಮರೆಯಾಗಿ, ಎತ್ತರದ ಕಿಟಕಿಗಳ ಒಂದು ದೊಡ್ಡ ಹಾಲ್ ಕಾಣುತ್ತಿತ್ತು. ಹೊರಗೆ ಹತ್ತಿಯ ಹಾಗೆ ಮೆಲ್ಲಗೆ ಹಿಮ ಬೀಳುತ್ತಿದೆ. ನಾನು ಎದ್ದು ನಿಲ್ಲುತ್ತೇನೆ. ಸಭೆ ಸ್ತಬ್ಧ. ಬಾಯಿಂದ ಜರ್ಮನ್ ನೀರಿನಂತೆ ಹರಿಯುತ್ತದೆ. ಹುಡುಗನ ತಂದೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. "ಇಂಥ ಬೀಗರು ಯಾವ ಜನ್ಮದ ಪುಣ್ಯ" ಎನ್ನುತ್ತಾರೆ. ಈ ಕನಸು ನನಗೆ ಎಷ್ಟು ಹಿತವಾಗಿತ್ತೆಂದರೆ, ದಿನಕ್ಕೆ ನಾಲ್ಕು ಸಲ ಕಾಣುತ್ತಿದ್ದೆ.

ಒಂದು ದಿನ ಕಣೇಕಲ್ಲಿನ ಮೇಷ್ಟ್ರೊಬ್ಬರು ಅಂಗಡಿಗೆ ಬಂದು ಹೊಸ ಪ್ಯಾಂಟು ಟೇಬಲ್ ಮೇಲೆ ಹಾಕಿದರು.

"ವೀರಣ್ಣಾರ, ಇದಕ್ಕ ಜೇಬು ಐತಿ. ಜೇಬಿಗೆ ಬಾಯಿ ಎಲ್ಲೈತ್ರಿ? ಬಸ್ಸಿನಾಗ ಕಂಡಕ್ಟರ್ ಮುಂದ ಹತ್ತು ನಿಮಿಷ ಮೈ ಕೆರಕೊಂಡು ನಿಂತಿದ್ದೆ!"

ನೋಡಿದೆ. ಎರಡು ಜೇಬುಗಳ ಬಾಯನ್ನೂ ಡಬಲ್ ಹೊಲಿಗೆ ಹಾಕಿ ಭದ್ರವಾಗಿ ಮುಚ್ಚಿದ್ದೆ. ಬಹುಶಃ ಹುಡುಗನ ತಂದೆ ಕಣ್ಣೊರೆಸಿಕೊಳ್ಳುತ್ತಿದ್ದ ಘಳಿಗೆಯಲ್ಲಿ ಇರಬೇಕು.

ಹೊರಡಲು ಮೂರು ದಿನ ಉಳಿದಾಗ ಒಂದು ಸತ್ಯ ಗೊತ್ತಾಯಿತು. ಮೊದಲ ಮಾತು ನೆನಪಾದರೆ ಮೂರನೆಯದು ಮರೆಯುತ್ತಿತ್ತು. ಮೂರನೆಯದು ನೆನಪಾದರೆ ಕುದುರೆ ಸೇಬು ತಿನ್ನುತ್ತಿತ್ತು. ಚೀಟಿ ಇಟ್ಟುಕೊಂಡು ಓದಿದರೆ ಮರ್ಯಾದೆ ಏನುಳಿಯಿತು?

ಆಗ ನನ್ನೊಳಗಿನ ಟೈಲರ್ ಎಚ್ಚೆತ್ತ. ಪ್ರಯಾಣಕ್ಕೆಂದು ನಾನೇ ಹೊಲಿದುಕೊಂಡಿದ್ದ ದಪ್ಪ ಉಣ್ಣೆ ಕೋಟು ಇತ್ತು. ಅದರ ಎಡಗಡೆ ಒಳಬಟ್ಟೆಯ ಮೇಲೆ ನಾಲ್ಕೂ ಮಾತುಗಳನ್ನು ಹಳದಿ ದಾರದಲ್ಲಿ, ದಪ್ಪ ಕನ್ನಡ ಅಕ್ಷರದಲ್ಲಿ ಹೊಲಿದುಬಿಟ್ಟೆ. ಎದೆ ಮೇಲೆ ಕೈ ಇಟ್ಟ ಹಾಗೆ ಕೋಟು ಸರಿಸಿದರೆ ಸಾಕು, ಭಾಷಣ ಕಣ್ಣೆದುರು!

"ಕೋಟು ಮರೆತು ಎಲ್ಲೆರ ಬಿಟ್ರ?" ಎಂದಳು ಗೌರಮ್ಮ.

"ಹುಚ್ಚಿ, ಅಲ್ಲಿ ಚಳಿ ಹೆಂಗೈತಿ ಗೊತ್ತೇನು? ಕೋಟು ಮೈಮ್ಯಾಲಿಂದ ಇಳಿಯೋದ ಇಲ್ಲ!"

ಹಿಮವೊಂದನ್ನು ಬಿಟ್ಟರೆ ಜರ್ಮನಿ ನನ್ನ ಕನಸಿನ ಹಾಗೆಯೇ ಇತ್ತು. ಎಲೆ ಉದುರಿಸುತ್ತ ನಿಂತ ಮರಗಳು, ಸದ್ದಿಲ್ಲದೆ ಹೋಗುವ ಟ್ರಾಮು, ಮಂಜಿನಲ್ಲಿ ತೇಲಿದಂತೆ ಕಾಣುವ ಸೇತುವೆ. ಕಚೇರಿಯಲ್ಲಿ ಮದುವೆ ರಿಜಿಸ್ಟರ್ ಆಯಿತು. ಸಂಜೆ ಊಟದ ಹಾಲ್‌ಗೆ ಹೋದೆವು. ಎತ್ತರದ ಕಿಟಕಿಗಳೂ ಇದ್ದವು! ಬಾಗಿಲಲ್ಲಿ ಹುಡುಗನ ತಂದೆ ನಗುತ್ತ ನಿಂತಿದ್ದರು. ಬಲು ಸಂಭಾವಿತರು. ಹಿಂದಿನಿಂದ ಬಂದು ಮೃದುವಾಗಿ ನನ್ನ ಕೋಟು ಕಳಚಿಕೊಂಡರು. ಬಂದವರೆಲ್ಲರ ಕೋಟೂ ಹಾಗೆಯೇ ಕಳಚಿ, ಹೊರಗಿನ ಕೋಣೆಯಲ್ಲಿ ತೂಗುಹಾಕಿದರು. ಒಳಗೆ ಬೆಚ್ಚಗೆ ಹೀಟರು ಉರಿಯುತ್ತಿತ್ತು. ನನಗೆ ಮಾತ್ರ ಕೈಕಾಲು ತಣ್ಣಗಾದವು.

ಹೋಗಿ ತರೋಣವೆಂದರೆ ಅಷ್ಟರಲ್ಲಿ ಭಾಗ್ಯ ಸೀರೆಯುಟ್ಟು ಹಾಲಿನ ಬಟ್ಟಲು ಹಿಡಿದು ಬಂದಳು. "ಮಾವ, ಎಲ್ಲಾರೂ ಕಾಯಾಕತ್ಯಾರ" ಎಂದಳು. ಲುಕಾಸನ ತಾಯಿ ಬ್ರಿಗಿಟ್ ಅವರು ಎದುರಿಗೆ ಬಂದು ಎರಡು ಕೈ ಚಾಚಿ ನಿಂತರು.

ಭಾಗ್ಯಳ ಕೈಗಳನ್ನು ಹಾಲಿನಲ್ಲಿ ಅದ್ದಿದೆ. ಅವರ ಕೈಯಲ್ಲಿಟ್ಟೆ. ಮಷಿನ್ ಪಕ್ಕ ಕೂತು ಮಗ್ಗಿ ಬರೆಯುತ್ತಿದ್ದ ಪುಟ್ಟ ಕೈಗಳು! ಕಣ್ಣು ತುಂಬಿತು. ಬಾಯಿ ತೆರೆದೆ. ಜರ್ಮನ್ ಇಲ್ಲ. ಕುದುರೆಯೂ ಇಲ್ಲ, ಸೇಬೂ ಇಲ್ಲ. ಸಭೆ ಸ್ತಬ್ಧ. ತಂಗಿಯ ಮುಖ ನೆನಪಾಯಿತು.

ನಮ್ಮೂರಿನವರ ಬಾಯಿಗೆ ಒಂದು ಅಭ್ಯಾಸವಿದೆ. ಮನೆಯಲ್ಲಿ ಕನ್ನಡ. ಎದುರಿಗಿರುವವರು ನಮ್ಮವರಲ್ಲ, ಕನ್ನಡ ತಿಳಿಯದು ಎಂದಾದ ಕೂಡಲೇ ನಾಲಗೆ ತಾನಾಗಿ ತೆಲುಗಿಗೆ ಹೊರಳುತ್ತದೆ. ಅದು ಹೊರಳಿಯೇಬಿಟ್ಟಿತು!

"ಮಾ ಅಮ್ಮಾಯಿನಿ ಮೀ ಚೇತುಲ್ಲೋ ಪೆಡುತುನ್ನಾಮಂಡಿ" ಎಂದೆ. ನಮ್ಮ ಹುಡುಗಿಯನ್ನು ನಿಮ್ಮ ಕೈಯಲ್ಲಿ ಇಡುತ್ತಿದ್ದೇವೆ ಎಂದು. ಏನಾದರೂ ತಪ್ಪು ಮಾಡಿದರೆ ನಿಮ್ಮ ಮಗಳೆಂದು ಸಹಿಸಿಕೊಳ್ಳಿ, ತಂದೆ ಇಲ್ಲದ ಮಗು ಎಂದು ತೆಲುಗಿನಲ್ಲೇ ಪೂರ್ತಿ ಹೇಳಿ ಮುಗಿಸಿದ ಮೇಲೆ ಜ್ಞಾನೋದಯವಾಯಿತು. ಸಾವಿರಾರು ಮೈಲಿ ಹಾರಿ ಬಂದು ಜರ್ಮನರಿಗೆ ತೆಲುಗು ಮಾತಾಡಿದ್ದೆ! ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು.

ಬ್ರಿಗಿಟ್ ಅವರು ಭಾಗ್ಯಳ ಕೈ ಬಿಡದೆ, ಒಂದೊಂದೇ ಶಬ್ದ ಕೂಡಿಸಿ ಹೇಳಿದರು: "ಬಾಧಪಡಕಂಡಿ ಅನ್ನಯ್ಯಗಾರೂ. ಇಕ ತನು ಮಾ ಬಿಡ್ಡ."

ದುಃಖಪಡಬೇಡಿ ಅಣ್ಣಾ, ಇನ್ನು ಇವಳು ನಮ್ಮ ಮಗು ಎಂದು! ಭಾಗ್ಯ ಅಳುತ್ತಲೇ ನಕ್ಕಳು.

"ರಾಯದುರ್ಗ ಆಂಧ್ರದಾಗ ಐತಿ ಅಂತ ಫೋನಿನಾಗ ನೋಡಿ, ನನಗೂ ಹೇಳದ ತೆಲುಗು ಕಲಿಯಾಕ ಶುರು ಮಾಡ್ಯಾರ ಮಾವ. ನನಗ ಗೊತ್ತಾಗೋದ್ರಾಗ ಅರ್ಧ ಪುಸ್ತಕ ಮುಗಿಸಿದ್ರು. ನಮ್ಮನಿಯಾಗ ಕನ್ನಡ ಅಂತ ಹೇಳಾಕ ಮನಸ್ಸ ಆಗಲಿಲ್ಲ!"

ನಾನು ಗೋಳೋ ಎಂದು ಅತ್ತುಬಿಟ್ಟೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡವನು ಹುಡುಗನ ತಂದೆಯಲ್ಲ, ನಾನು.

ಊಟಕ್ಕೆ ಬ್ರಿಗಿಟ್ ಅವರು ನನ್ನ ಪಕ್ಕದಲ್ಲೇ ಕೂತು ಖುಷಿಯಿಂದ ತೆಲುಗು ಮಾತಾಡಿದರು. ಐವತ್ತನಾಲ್ಕು ವರ್ಷದಿಂದ ಆಂಧ್ರದಲ್ಲಿರುವ ನಾನು ನಮ್ಮ ಕಡೆಯ ತೆಲುಗಿನಲ್ಲಿ ಧಾರಾಳವಾಗಿ ಉತ್ತರ ಕೊಟ್ಟೆ. ಅವರು ಗಮನವಿಟ್ಟು ಕೇಳಿದರು, ಹುಬ್ಬು ಗಂಟಿಕ್ಕಿದರು, ಒಂದೆರಡು ಕಡೆ ತಿದ್ದಿದರು. ಕೊನೆಗೆ ಅಕ್ಕರೆಯಿಂದ ಕೇಳಿದರು, ನೀವು ತೆಲುಗು ಕಲಿಯಲು ಶುರು ಮಾಡಿ ಎಷ್ಟು ತಿಂಗಳಾಯಿತು ಎಂದು.

"ಒಂದು ತಿಂಗಳು" ಎಂದೆ.

ಅಷ್ಟಕ್ಕೆ ಪರವಾಗಿಲ್ಲ, ಧೈರ್ಯ ಬಿಡಬೇಡಿ ಎಂದರು!